ಕೈಗೆ ಬಿಡುವು, ಕಿವಿಗೆ ದುಡಿಮೆ

ಕಳೆದ ತಿಂಗಳು ಒಂದು ರಾತ್ರಿ ಊರ ಕಡೆಯ ಪರಿಚಯದ ಭಟ್ಟರೊಬ್ಬರನ್ನು ಕಾಣಲು ಅವರ ಖೋಲಿಗೆ ಹೋಗಿದ್ದೆ. ಪುಣೆಯ ಪೇಟೆಯೊಂದರ ಹೋಟೆಲಿನಲ್ಲಿ ಅವರು ಇಪ್ಪತ್ತೆರಡು ವರ್ಷಗಳಿಂದ ಅಡುಗೆಯ ಕೆಲಸದಲ್ಲಿದ್ದಾರೆ. ಗಂಟೆ ಹನ್ನೊಂದು ದಾಟಿತ್ತು. ಹಗಲೆಲ್ಲ ಊರಿಗೆ ಅನ್ನವಿಕ್ಕಿದ ಆ ಕೈ ಆಗಷ್ಟೇ ತನಗೊಂದು ತಟ್ಟೆ ಬಡಿಸಿಕೊಂಡು, ಅನ್ನಕ್ಕೆ ಸಾರು ಕಲಸಿ, ಎರಡನೆಯ ತುತ್ತನ್ನು ಎತ್ತಿತ್ತು. ಅಷ್ಟರಲ್ಲಿ ಭಟ್ಟರು ಗೋಡೆಯನ್ನು ನೋಡುತ್ತ, "ಹನ್ನೆರಡು ಕಿಲೋ ಇದೆ ಅಣ್ಣ, ನಾಳೆಗೆ ಸಾಕು" ಎಂದರು. ನಾನು ಬೆರಗಾದೆ. ನನ್ನನ್ನು ಅವರು ರಾಯರೇ ಎನ್ನುವುದು ರೂಢಿ. ಅಣ್ಣ ಎಂದು ಎಂದೂ ಕರೆದವರಲ್ಲ. ಹನ್ನೆರಡು ಕಿಲೋ ಏನೆಂಬುದೂ ತಿಳಿಯಲಿಲ್ಲ. ನನ್ನ ಮುಖವನ್ನು ಕಂಡು ಅವರು ನಕ್ಕು, ಎಡಗೈಯಿಂದ ತಮ್ಮ ಕಿವಿಯನ್ನು ತೋರಿಸಿದರು. ಅಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡದಾದ ಒಂದು ಬಿಳಿಯ ಗುಂಡಿ ಇತ್ತು. ಗೂಡಿನಲ್ಲಿಟ್ಟಿದ್ದ ಮೊಬೈಲು ಧಣಿಗಳ ಸಂದೇಶವನ್ನು ಅದರ ಮೂಲಕ ಓದಿ ಹೇಳಿತ್ತು: ತೊಗರಿಬೇಳೆ ಎಷ್ಟು ಉಳಿದಿದೆ? ಭಟ್ಟರು ನುಡಿದ ಉತ್ತರವನ್ನು ತಾನೇ ಬರೆದು ಕಳುಹಿಸಿಯೂ ಆಗಿತ್ತು. "ಮುಟ್ಟುವುದೇ ಬೇಡ ರಾಯರೇ, ಕೈಗೆ ಕೆಲಸವೇ ಇಲ್ಲ" ಎಂದು ಹೇಳಿ ಅವರು ಊಟಕ್ಕೆ ತಿರುಗಿದರು. ತಟ್ಟೆ ಬರಿದಾಗುವುದರೊಳಗೆ ಅದು ಅವರನ್ನು ಇನ್ನೂ ಮೂರು ಬಾರಿ ಮಾತನಾಡಿಸಿತು.

ಎಂಜಲು ಕೈಯೆಂಬುದು ನಮ್ಮ ಮನೆಗಳಲ್ಲಿ ಎಂಥ ದೊಡ್ಡ ಬೇಲಿಯಾಗಿತ್ತೆಂಬುದು ವಾಚಕರಿಗೆ ತಿಳಿಯದ ಸಂಗತಿಯೇನಲ್ಲ. ಉಣ್ಣುತ್ತಿರುವವನು ಪುಸ್ತಕವನ್ನು ಮುಟ್ಟನು, ಹಣವನ್ನು ಎಣಿಸನು, ಬಾಗಿಲಿಗೆ ಬಂದವರನ್ನು ಎದ್ದು ಎದುರುಗೊಳ್ಳನು. "ಊಟಕ್ಕೆ ಕೂತಿದ್ದಾರೆ" ಎಂದು ಮನೆಯಾಕೆ ಒಳಗಿನಿಂದ ಹೇಳಿದರೆ ಸಾಲ ಕೇಳಲು ಬಂದವನೂ ಜಗಲಿಯ ಮೇಲೆ ಕುಳಿತು ಕಾಯಬೇಕಾಗಿತ್ತು. ಇದು ಮಡಿಮೈಲಿಗೆಯ ಮಾತೆಂದು ಇಂದಿನವರು ನಕ್ಕಾರು. ನಗಲಿ. ಆದರೆ ಆ ಆಚಾರದ ಮರೆಯಲ್ಲಿ ಬಡವನಿಗೂ ದಿನಕ್ಕೆ ಎರಡು ಸಲ ಹದಿನೈದು ನಿಮಿಷಗಳ ಸ್ವಾತಂತ್ರ್ಯ ದೊರೆಯುತ್ತಿತ್ತೆಂಬುದನ್ನು ಮರೆಯಬಾರದು. ಮೊಬೈಲು ಬಂದ ಮೇಲೂ ಈ ಬೇಲಿ ಪೂರ್ತಿ ಮುರಿದಿರಲಿಲ್ಲ. ಸಾರಿನ ಕೈಯಲ್ಲಿ ಗಾಜಿನ ಪರದೆಯನ್ನು ಒತ್ತಲಾಗದು. ಈಗ ಬಂದಿರುವ ಯಂತ್ರಕ್ಕೆ ಕೈಯೇ ಬೇಡ.

ಕೆಲಸದ ಒತ್ತಡವಿದ್ದಾಗ ನಾವು "ಕೈ ಬಿಡುವಿಲ್ಲ" ಎನ್ನುತ್ತೇವೆ. ಕೆಲಸ ಮುಗಿಯಿತೆಂಬುದನ್ನು ಕೈ ತೊಳೆದುಕೊಂಡು ತೋರಿಸುತ್ತೇವೆ. ದುಡಿಮೆಯನ್ನೂ ವಿಶ್ರಾಂತಿಯನ್ನೂ ಬೇರ್ಪಡಿಸುವ ಗೆರೆಯನ್ನು ನಮ್ಮ ಭಾಷೆ ಕೈಯ ಮೇಲೆಯೇ ಎಳೆದಿದೆ. ಹೋಟೆಲಿನವರ ಮಟ್ಟಿಗಂತೂ ಈ ಮಾತು ಅಕ್ಷರಶಃ ನಿಜ. ಹಿಟ್ಟಿನ ಕೈ ತೊಳೆದರೆ ಭಟ್ಟರ ಪಾಳಿ ಮುಗಿಯಿತು. ಒರೆಸುವ ಬಟ್ಟೆಯನ್ನು ಹಿಂಡಿ ಹರವಿದರೆ ಮಾಣಿಯ ಪಾಳಿ ಮುಗಿಯಿತು. ಗಲ್ಲೆಗೆ ಬೀಗ ಬಿದ್ದರೆ ಗುಮಾಸ್ತನ ಪಾಳಿ ಮುಗಿಯಿತು. ಹೀಗಿರುವಾಗ ಕೈಗೆ ಬಿಡುವು ಕೊಡುತ್ತೇನೆಂದು ಹೇಳಿಕೊಂಡು ಬಂದ ಯಂತ್ರವು ಕೈಯ ಒಡೆಯನಿಗೆ ಬಿಡುವನ್ನು ಕೊಟ್ಟಿದೆಯೇ? ಈ ಪ್ರಶ್ನೆಯನ್ನು ಪುಣೆಯ ಕನ್ನಡ ಬಂಧುಗಳ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಯಂತ್ರದ ವಿಷಯವನ್ನು ಅರಿಯದವರಿಗಾಗಿ ನಾಲ್ಕು ಮಾತು. ಮಾತನ್ನು ಕೇಳಿ ಮಾತಿನಿಂದಲೇ ಉತ್ತರಿಸುವ ಇಂಥ ಸಹಾಯಕಗಳಲ್ಲಿ ಸಿರಿ 2011ರಲ್ಲಿ, ಅಲೆಕ್ಸಾ 2014ರಲ್ಲಿ ಅಮೆರಿಕದಲ್ಲಿ ಬಂದವು. ಅಲೆಕ್ಸಾ ನಮ್ಮ ದೇಶಕ್ಕೆ ಬಂದದ್ದು 2017ರಲ್ಲಿ. ಮೊದಮೊದಲು ಇವು ಹಾಡು ಹಾಕು, ದೀಪ ಆರಿಸು ಎಂಬಂಥ ಚಿಕ್ಕ ಅಪ್ಪಣೆಗಳನ್ನಷ್ಟೇ ಬಲ್ಲವಾಗಿದ್ದವು. ಕೃತಕ ಬುದ್ಧಿಮತ್ತೆ ಬೆಳೆದ ಮೇಲೆ ಇವು ಸಂಭಾಷಣೆಗೆ ತೊಡಗಿವೆ. ಬಂದ ಪತ್ರವನ್ನು ಓದಿ ಸಾರಾಂಶ ಹೇಳುತ್ತವೆ, ಉತ್ತರದ ಕರಡನ್ನು ಸಿದ್ಧಪಡಿಸುತ್ತವೆ, ನಾಳಿನ ಕೆಲಸವನ್ನು ಇಂದೇ ನೆನಪಿಸುತ್ತವೆ. ಗೂಗಲ್ ಕಂಪನಿಯ ಜೆಮಿನೈ ಲೈವ್ ಎಂಬುದು ಕನ್ನಡವನ್ನೂ ಮಾತನಾಡುವುದೆಂದು 2024ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಹೆಸರು ಹಿಡಿದು ಕರೆದಾಗ ಓಗೊಡಬೇಕಾದರೆ ಅದು ಕರೆಗಾಗಿ ಸದಾ ಕಿವಿಗೊಟ್ಟು ಕಾಯುತ್ತಿರಬೇಕು. ಹಾಗೆ ಕಾಯುವುದೇ ಅದರ ಧರ್ಮ. ಅದರ ಸಹವಾಸದಲ್ಲಿ ಅದರ ಒಡೆಯನೂ ಸದಾ ಕಿವಿಗೊಟ್ಟು ಕಾಯುವವನಾಗುತ್ತಾನೆಂಬುದನ್ನು ಅಂಗಡಿಯವನು ಹೇಳುವುದಿಲ್ಲ.

ದುಡಿಮೆಗೂ ಬದುಕಿಗೂ ನಡುವೆ ಗೆರೆಯಿಲ್ಲದ ಸ್ಥಿತಿ ಹೊಸದೆಂದು ಪೇಟೆಯ ವಿದ್ಯಾವಂತರು ಬರೆಯುವುದನ್ನು ಓದಿದಾಗ ನನಗೆ ನಗು ಬರುತ್ತದೆ. ನಾನು 1969ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕಾರ್ಕಳದ ಕಡೆಯಿಂದ ಈ ಊರಿಗೆ ಬಂದು ಕ್ಯಾಂಪಿನ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸಕ್ಕೆ ನಿಂತೆ. ಗಿರಾಕಿಗಳು ಹೋದ ಮೇಲೆ ಎರಡು ಮೇಜುಗಳನ್ನು ಜೋಡಿಸಿದರೆ ಅದೇ ನಮ್ಮ ಮಂಚ. ಚಟ್ನಿಯ ವಾಸನೆಯೇ ಹಾಸಿಗೆ, ಒಲೆಯ ಬಿಸಿಯೇ ಹೊದಿಕೆ. ರಾತ್ರಿ ಒಂದು ಗಂಟೆಗೆ ಲಾರಿಯಲ್ಲಿ ತರಕಾರಿ ಬಂದರೆ ಇಳಿಸುವವರು ನಾವೇ. ನಾಲ್ಕೂವರೆಗೆ ಹಾಲಿನವನು ಬಾಗಿಲು ಬಡಿದರೆ ತೆರೆಯುವವರೂ ನಾವೇ. ಮಲಗಿದಲ್ಲಿಯೇ ಕೆಲಸ, ಕೆಲಸವಿದ್ದಲ್ಲಿಯೇ ಮಲಗುವುದು. ಇವನು ಈಗ ದುಡಿಯುತ್ತಿದ್ದಾನೋ ಬದುಕುತ್ತಿದ್ದಾನೋ ಎಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳಲು ನಮಗೆ ಸಾಧ್ಯವಿರಲಿಲ್ಲ.

ಆ ಗೆರೆಯನ್ನು ನಾನು ಮೊದಲು ಕಂಡದ್ದು ರಾತ್ರಿಶಾಲೆಗೆ ಸೇರಿದಾಗ. ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ನನ್ನನ್ನು ಯಾರೂ ಕರೆಯುವಂತಿರಲಿಲ್ಲ. ಕರೆಯಬೇಕೆಂದರೂ ಆಳನ್ನು ಕಳುಹಿಸಬೇಕು, ಆಳು ಒಂದು ಮೈಲಿ ನಡೆಯಬೇಕು, ಮಾಸ್ತರರ ಮುಂದೆ ನಿಂತು ಕಾರಣ ಹೇಳಬೇಕು. ಆ ಒಂದು ಮೈಲಿಯ ದೂರವೇ ನನ್ನನ್ನು ಮೆಟ್ರಿಕ್ ಪಾಸು ಮಾಡಿಸಿತು. ಮುಂದೆ ಗುಮಾಸ್ತನನ್ನಾಗಿಯೂ ಮಾಡಿತು. ಇಂದು ರಾತ್ರಿಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗನ ಕಿವಿಗೆ ಆ ಒಂದು ಮೈಲಿ ಸೊನ್ನೆಯಾಗಿದೆ. ಮುಂಬಯಿ ಪುಣೆಗಳ ಹೋಟೆಲುಗಳಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆಯಲ್ಲಿ ಕಲಿತು ವಕೀಲರೂ ಬ್ಯಾಂಕು ನೌಕರರೂ ಆದ ಕನ್ನಡಿಗರ ಒಂದು ತಲೆಮಾರೇ ನಮ್ಮಲ್ಲಿದೆ. ಅವರಿಗೆ ಸಿಕ್ಕಿದ್ದ ಕರೆಬಾರದ ಎರಡೂವರೆ ತಾಸು ಇಂದಿನ ಹುಡುಗನಿಗೆ ಸಿಗದಿದ್ದರೆ ಅದು ಸಣ್ಣ ನಷ್ಟವಾಗದು.

ಪುಣೆಯ ಮಟ್ಟಿಗೆ ಹೇಳುವುದಾದರೆ ಬಿಡುವಿನ ಗೆರೆಯನ್ನು ಇಷ್ಟು ಧೈರ್ಯವಾಗಿ ಬಾಗಿಲ ಮೇಲೆಯೇ ಬರೆದು ತೂಗಹಾಕಿದ ಊರು ದೇಶದಲ್ಲಿ ಇನ್ನೊಂದಿಲ್ಲ. "ದುಪಾರೀ ಏಕ್ ತೇ ಚಾರ್ ಬಂದ್" ಎಂಬ ಹಲಗೆಯನ್ನು ನೋಡಿ ನಗದ ಪರಊರಿನವನುಂಟೆ? ನಾವೂ ನಕ್ಕೆವು. ನಕ್ಕು, ಅವರು ಮಲಗಿದ ಆ ಮೂರು ತಾಸುಗಳಲ್ಲಿ ಚಹದ ಪಾತ್ರೆಯನ್ನು ಇಳಿಸದೆ ಇಟ್ಟು ನಾಲ್ಕು ಕಾಸು ಹೆಚ್ಚು ಸಂಪಾದಿಸಿದೆವು. ಪ್ರಸಿದ್ಧವಾದ ಚಿತಳೆ ಬಂಧುಗಳ ಮಿಠಾಯಿ ಅಂಗಡಿಯೂ 2017ರಲ್ಲಿ ಮಧ್ಯಾಹ್ನ ಬಾಗಿಲು ತೆರೆದಿಡಲು ನಿಶ್ಚಯಿಸಿದಾಗ ಅದು ಪತ್ರಿಕೆಗಳಲ್ಲಿ ವಾರ್ತೆಯೇ ಆಯಿತು. ಗಿರಾಕಿಗಳು ಸಂತೋಷಪಟ್ಟರು, ನಾನೂ ಎರಡು ಗಂಟೆಗೆ ಹೋಗಿ ಬಾಕರವಡಿ ಕೊಂಡು ತಂದವನೇ. ಆದರೆ ಈಗ ಯೋಚಿಸಿದರೆ, ಸದಾಶಿವ ಪೇಟೆಯ ಆ ಮುದುಕ ಅಂಗಡಿಕಾರರ ಹಲಗೆಯಲ್ಲಿ ನಾವು ಕಾಣದ ಒಂದು ವಿವೇಕವಿತ್ತೆನಿಸುತ್ತದೆ. ಈ ಹೊತ್ತು ನನ್ನದು ಎಂದು ಅವರು ಯಾರಿಗೂ ಅಂಜದೆ ಹೇಳಿದರು.

ಕೂಲಿಗಾರನಿಗೆ ಅಂಥ ಹಲಗೆ ತೂಗಹಾಕುವ ಅಧಿಕಾರವಿರಲಿಲ್ಲ. ಅವನು ಅದನ್ನು ಹೋರಾಡಿ ಪಡೆಯಬೇಕಾಯಿತು. ಭಾನುವಾರದ ರಜೆ ಇಂಗ್ಲಿಷರು ಕೊಟ್ಟ ದಾನವೆಂದು ಭಾವಿಸಿದವರು ನಾರಾಯಣ ಮೇಘಾಜಿ ಲೋಖಂಡೆಯವರ ಹೆಸರನ್ನು ಕೇಳಿರಲಾರರು. ಮಹಾತ್ಮ ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಈ ಕಾರ್ಯಕರ್ತರು "ದೀನಬಂಧು" ಪತ್ರಿಕೆಯನ್ನು ನಡೆಸಿದವರು. ಮುಂಬಯಿಯ ಗಿರಣಿಗಳಲ್ಲಿ ವಾರದ ಏಳೂ ದಿನ ದುಡಿತವಿದ್ದ ಕಾಲದಲ್ಲಿ, 1884ರಲ್ಲಿ, ಅವರು ಐದೂವರೆ ಸಾವಿರ ಕಾರ್ಮಿಕರ ಸಹಿಯೊಡನೆ ಬೇಡಿಕೆಗಳನ್ನು ಮುಂದಿಟ್ಟರು. ಗಿರಣಿಯ ಮಾಲೀಕರು ಭಾನುವಾರದ ರಜೆಗೆ ಒಪ್ಪಿದ್ದು 1890ರ ಜೂನ್ 10ರಂದು. ನಡುವೆ ಆರು ವರ್ಷ! ಒಂದು ದಿನದ ಬಿಡುವಿಗೆ ಅಷ್ಟು ಕಾಲ ಹಿಡಿಯಿತು. ಆ ಭಾನುವಾರದ ಬೆಳಿಗ್ಗೆ ಇಂದು ಅಡುಗೆಮನೆಯ ಹಲಗೆಯ ಮೇಲಿನ ಪೆಟ್ಟಿಗೆ ಬಾಯಿ ತೆರೆದು, "ನಾಳೆಯ ಸಭೆಗೆ ಮೂರು ಕಾಗದ ಬಾಕಿ ಇವೆ" ಎನ್ನುತ್ತದೆ.

ಹೋಟೆಲಿನವರ ಮಾತಾಯಿತು, ಗುಮಾಸ್ತರದು ಇನ್ನೊಂದು ಬಗೆ. ನನ್ನ ತಂಗಿಯ ಮಗ ಹಿಂಜವಡಿಯ ಒಂದು ಕಚೇರಿಯಲ್ಲಿದ್ದಾನೆ. ಅವರು ತಮ್ಮನ್ನು ಗುಮಾಸ್ತರೆಂದು ಕರೆದುಕೊಳ್ಳುವುದಿಲ್ಲ, ಆದರೆ ಪರರ ಲೆಕ್ಕವನ್ನು ಬರೆಯುವವರು ಯಾವ ಕುರ್ಚಿಯ ಮೇಲೆ ಕುಳಿತರೂ ಗುಮಾಸ್ತರೇ ಎಂಬುದು ನನ್ನ ಅಭಿಪ್ರಾಯ. ಹಿಂಜವಡಿಯಿಂದ ವಾಕಡದ ಚೌಕವನ್ನು ಸಂಜೆಯ ಹೊತ್ತು ದಾಟುವುದೆಂದರೆ ಏನೆಂಬುದನ್ನು ಬಲ್ಲವರೇ ಬಲ್ಲರು. ಆ ವಾಹನಗಳ ಜಾತ್ರೆಯಲ್ಲಿ ಸಿಕ್ಕಿಕೊಂಡ ಒಂದೂಕಾಲು ತಾಸು ಮೊದಲು ಅವನದಾಗಿತ್ತು. ಶಪಿಸುತ್ತಿದ್ದ, ಹಾಡು ಕೇಳುತ್ತಿದ್ದ, ಮನೆಗೆ ಯಾವ ತರಕಾರಿ ಒಯ್ಯಲೆಂದು ಯೋಚಿಸುತ್ತಿದ್ದ. ಈಗ ಹೆಲ್ಮೆಟ್ಟಿನೊಳಗೆ ಅವನ ಯಂತ್ರವು ಹಗಲಿನ ಸಭೆಯ ಸಾರಾಂಶವನ್ನು ಓದುತ್ತದೆ, ಅವನು ಉತ್ತರಗಳನ್ನು ಹೇಳಿ ಬರೆಸುತ್ತಾನೆ. "ಮನೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಮಾವ" ಎಂದು ಹೆಮ್ಮೆಯಿಂದ ಹೇಳಿದ. ಮನೆ ತಲುಪಿದ ಮೇಲೆ ಉಳಿದ ಸಮಯದಲ್ಲಿ ಏನು ಮಾಡುವೆ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಗಿಸಿದ ಕೆಲಸವನ್ನು ಕಂಡು ಮೇಲಿನವರು ಇನ್ನಷ್ಟು ಕಳುಹಿಸುತ್ತಾರೆಂದ.

ವಾಹನ ನಡೆಸುವಾಗ ಕೈಯಲ್ಲಿ ಫೋನು ಹಿಡಿಯುವುದನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಅಪಾಯದ ಚಾಲನೆಯೆಂದು ಹೇಳಿ ಶಿಕ್ಷೆ ವಿಧಿಸಿದೆ. ಕಾಯಿದೆ ಕೈಯನ್ನು ಹೆಸರಿಸಿತು. ಮನಸ್ಸು ಎಲ್ಲಿದೆಯೆಂದು ಕೇಳಲಿಲ್ಲ. ಹಿಡಿಯಲ್ಲಿ ಏನೂ ಇಲ್ಲದ ಸವಾರನು ಕಾಯಿದೆಗೆ ನಿರಪರಾಧಿ. ಅವನ ತಲೆಯೊಳಗೆ ಕಚೇರಿ ನಡೆಯುತ್ತಿರುವುದು ಚೌಕದ ಪೊಲೀಸನಿಗೆ ಹೇಗೆ ಕಂಡೀತು?

"ಎರಡು ಮಾತಿಗೆ ಇಷ್ಟು ರಾದ್ಧಾಂತವೇ?" ಎಂದು ಧಣಿಗಳು ಕೇಳಬಹುದು. ಅದಕ್ಕೆ ಉತ್ತರ ಹೇಳಲೇಬೇಕು. ತೊಗರಿಬೇಳೆಯ ಲೆಕ್ಕ ಹೇಳಲು ಭಟ್ಟರಿಗೆ ಹಿಡಿದದ್ದು ಐದು ಸೆಕೆಂಡು. ನಾಲ್ಕು ಪ್ರಶ್ನೆಗಳಿಗೆ ಅರ್ಧ ನಿಮಿಷ. ಗಡಿಯಾರ ಹಿಡಿದು ಅಳೆದರೆ ಇದು ದುಡಿಮೆಯೆನಿಸದು. ಆದರೆ ಹೋಟೆಲಿನ ಹೊರಗೆ ರಾತ್ರಿಯೆಲ್ಲ ಸ್ಟೂಲಿನ ಮೇಲೆ ಕುಳಿತಿರುವ ಗೂರ್ಖನನ್ನು ನೋಡಿ. ಅವನು ತಿಂಗಳಿಗೆ ಎಷ್ಟು ಕಳ್ಳರನ್ನು ಹಿಡಿದನೆಂದು ಲೆಕ್ಕಹಾಕಿ ಯಾರಾದರೂ ಪಗಾರ ಕೊಡುತ್ತಾರೆಯೇ? ಕಾಯುವುದಕ್ಕೇ ಅವನ ಪಗಾರ. ಭಟ್ಟರು ಕಿವಿಯಲ್ಲಿ ಗುಂಡಿಯನ್ನು ಸಿಕ್ಕಿಸಿಕೊಂಡು ಕುಳಿತ ಒಂದೂವರೆ ತಾಸು ಕಾಯುವ ದುಡಿಮೆಯೇ ಆಯಿತು. ಯಾವ ಗಳಿಗೆಯಲ್ಲಿ ಕರೆ ಬರುವುದೋ ಎಂಬ ಮನಸ್ಸು ಹಾಡನ್ನು ಪೂರ್ತಿ ಕೇಳದು, ಮಗಳೊಡನೆ ಫೋನಿನಲ್ಲಿ ಮಾತನಾಡುವಾಗಲೂ ಅರ್ಧ ಬೇರೆಡೆಗಿರುತ್ತದೆ. ಸಾಲದ್ದಕ್ಕೆ ಹೀಗೆ ಕೊಟ್ಟ ಉತ್ತರ ಹಾಜರಿ ಪುಸ್ತಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ತಟ್ಟೆ ತೊಳೆದರೆ ತೊಳೆದ ತಟ್ಟೆಯಾದರೂ ಸಾಕ್ಷಿ ಹೇಳುತ್ತದೆ. ಕಿವಿಯ ದುಡಿಮೆಗೆ ಸಾಕ್ಷಿಯಿಲ್ಲ.

ಇಲ್ಲಿ ನಮ್ಮ ಸಮಾಜಕ್ಕೇ ವಿಶೇಷವಾದ ಒಂದು ತೊಡಕಿದೆ. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಪರಭಾಷೆಯ ಕಂಪನಿಯಲ್ಲಿ ಮೇಲಧಿಕಾರಿ ಕೇವಲ ಮೇಲಧಿಕಾರಿ. ನಮ್ಮ ಹೋಟೆಲುಗಳಲ್ಲಿ ಧಣಿಯು ಊರಿನವನು, ಹಲವೊಮ್ಮೆ ನಂಟನು. ಅಕ್ಕನ ಮದುವೆಗೆ ಮುಂಗಡ ಕೊಟ್ಟವನು, ಟೈಫಾಯ್ಡು ಬಂದಾಗ ಆಸ್ಪತ್ರೆಗೆ ಸೇರಿಸಿದವನು, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ರಸೀದಿ ಹರಿದವನು. ಇಂಥವನು ರಾತ್ರಿ ಹನ್ನೊಂದಕ್ಕೆ ಆಜ್ಞೆ ಮಾಡುವುದಿಲ್ಲ. "ತಮ್ಮಾ, ಒಂದು ಮಾತು" ಎನ್ನುತ್ತಾನೆ. ಒಂದು ಮಾತಿಗೆ ಇಲ್ಲವೆನ್ನುವುದು ಹೇಗೆ? ಈ ಸಲಿಗೆಯೇ ನಮ್ಮನ್ನು ಈ ಪರಊರಿನಲ್ಲಿ ಬದುಕಿಸಿದೆ, ಅದರ ಋಣ ದೊಡ್ಡದು. ಫರ್ಗ್ಯುಸನ್ ಕಾಲೇಜು ರಸ್ತೆಯಿಂದ ಕ್ಯಾಂಪಿನವರೆಗೆ ಹೆಸರಾದ ಹೋಟೆಲುಗಳನ್ನು ಕಟ್ಟಿದ ನಮ್ಮವರಲ್ಲಿ ಅನೇಕರು ತಾವೇ ಹುಡುಗರಾಗಿ ಲೋಟ ತೊಳೆದು ಮೇಲೆ ಬಂದವರು. ನನಗೆ ಕೆಲಸ ಕೊಟ್ಟ ಮೊದಲ ಧಣಿಯೂ ಹಾಗೆಯೇ ಬಂದವರು. ರಾತ್ರಿಶಾಲೆಯ ಫೀಜನ್ನು ಅವರೇ ಕಟ್ಟಿದರು, ಆದರೆ ಪರೀಕ್ಷೆಯ ವಾರದಲ್ಲಿ ಮದುವೆಯ ಆರ್ಡರು ಬಂತೆಂದು ಮೂರು ದಿನ ನನ್ನನ್ನು ಬಿಡಲಿಲ್ಲ. ಎರಡೂ ಒಂದೇ ಕೈ ಮಾಡಿದ ಕೆಲಸ. ಆ ಕಾಲದಲ್ಲಿ ಅವರ "ಒಂದು ಮಾತು" ಅವರ ಕಂಠ ಕೇಳಿಸುವಷ್ಟು ದೂರ ಮಾತ್ರ ಬರುತ್ತಿತ್ತು. ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಲಿಗೆಗೂ ಒಂದು ಹೊಸ್ತಿಲಿತ್ತು.

ನಾನು ಯಂತ್ರದ್ವೇಷಿಯೆಂದು ಯಾರೂ ತಿಳಿಯಬಾರದು. ಹಿಟ್ಟು ರುಬ್ಬುವ ಗ್ರೈಂಡರು ಬಂದಾಗ ರುಚಿ ಹೋಯಿತೆಂದು ಹಳಬರು ಗೊಣಗಿದರು. ಒರಳು ತಿರುಗಿಸಿ ಹೆಗಲು ಸೋತಿದ್ದ ನಾನು ಗೊಣಗಲಿಲ್ಲ. ಇಂಗ್ಲಿಷು ಓದಲಾರದ ಅಡುಗೆಯವನಿಗೆ ಸರಕಿನ ಪಟ್ಟಿಯನ್ನು ಕನ್ನಡದಲ್ಲಿ ಓದಿ ಹೇಳುವ ಯಂತ್ರ ಉಪಕಾರಿಯಲ್ಲವೆ? ಮಂದದೃಷ್ಟಿಯ ಮುದಿ ಗುಮಾಸ್ತನಿಗೆ, ಅಂದರೆ ನನಗೆ, ಪತ್ರಿಕೆಯ ಸಣ್ಣಕ್ಷರವನ್ನು ಓದಿ ಹೇಳುವುದು ಅದೇ. ಕುದಿಯುವ ಎಣ್ಣೆಯ ಮುಂದೆ ನಿಂತವನು ಕೈ ಬಿಡದೆ ಹೊತ್ತು ಕೇಳಿ ತಿಳಿಯುವುದು ಒಳ್ಳೆಯದೇ. ಪಾಳಿಯ ಒಳಗೆ ಅದು ಎಷ್ಟು ಮಾತನಾಡಿದರೂ ನನ್ನ ಆಕ್ಷೇಪವಿಲ್ಲ. ಆದರೆ ಉಳಿಸಿದ ಸಮಯ ಯಾರ ಜೋಳಿಗೆಗೆ ಬಿತ್ತೆಂಬುದನ್ನು ಕೇಳಬೇಕು. ಗ್ರೈಂಡರು ಬಂದಾಗ ಉಳಿದ ಎರಡು ತಾಸು ನಮ್ಮ ನಿದ್ರೆಗೆ ಸೇರಲಿಲ್ಲ. ಹೋಟೆಲಿನ ಬಾಗಿಲು ಅಷ್ಟು ಮುಂಚಿತವಾಗಿ ತೆರೆಯಿತು.

ಕಿವಿಗೊಟ್ಟು ಕಾಯುವ ಪೆಟ್ಟಿಗೆಯು ಕೇಳಿದ್ದನ್ನೆಲ್ಲ ತನ್ನಲ್ಲಿಯೇ ಇಟ್ಟುಕೊಳ್ಳುವುದೆಂಬ ಭರವಸೆಯೂ ಇಲ್ಲ. ಹೆಸರು ಕರೆದ ಮೇಲಿನ ಮಾತು ಸಾಮಾನ್ಯವಾಗಿ ಕಂಪನಿಯ ಗಣಕಗಳಿಗೆ ಹೋಗುತ್ತದೆ; ಹೆಸರು ಕರೆಯದಿದ್ದರೂ ಕರೆದಂತೆ ಭ್ರಮಿಸಿ ಎಚ್ಚರಗೊಳ್ಳುವುದೂ ಉಂಟು. ಸಿರಿಯು ಹೀಗೆ ಕೇಳಿದ ಖಾಸಗಿ ಮಾತುಗಳ ತುಣುಕುಗಳನ್ನು ಗುತ್ತಿಗೆಯ ನೌಕರರು ಆಲಿಸುತ್ತಿದ್ದರೆಂದು 2019ರಲ್ಲಿ ಬಯಲಾಯಿತು; ಈ ಸಂಬಂಧದ ಮೊಕದ್ದಮೆಯಲ್ಲಿ ಆಪಲ್ ಕಂಪನಿಯು, ತಪ್ಪನ್ನು ಒಪ್ಪಿಕೊಳ್ಳದೆ, ಒಂಬತ್ತೂವರೆ ಕೋಟಿ ಡಾಲರು ಕೊಟ್ಟು ರಾಜಿಯಾಗಲು ಸಮ್ಮತಿಸಿದ್ದು 2025ರ ಜನವರಿಯಲ್ಲಿ ಪ್ರಕಟವಾಯಿತು. ನಮ್ಮ ಖೋಲಿಗಳಲ್ಲಿ ಆರು ಜನ ಒಟ್ಟಿಗೆ ಇರುತ್ತಾರೆ. ಒಬ್ಬನ ಮೊಬೈಲು ಕಿವಿ ತೆರೆದಿದ್ದರೆ ಉಳಿದ ಐವರ ಮಾತಿಗೂ ಅದು ಕಿವಿ ತೆರೆದಂತೆಯೇ. ಧಣಿಯನ್ನು ಬಯ್ಯುವ ಸುಖವೂ ಹೋಯಿತೆಂದು ಒಬ್ಬ ಹುಡುಗ ನನ್ನ ಬಳಿ ಪರಿಹಾಸ ಮಾಡಿದ. ಅವನ ನಗೆಯಲ್ಲಿ ಅಷ್ಟು ನಗೆಯಿರಲಿಲ್ಲ.

ಇನ್ನು ಕಾಯಿದೆಯ ಮಾತು. ಮುಂಬಯಿ ಪ್ರಾಂತ್ಯದ 1948ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಲ್ಲಿ ಹೋಟೆಲು, ಉಪಾಹಾರಗೃಹಗಳಿಗೆ ಪ್ರತ್ಯೇಕ ಪ್ರಕರಣವೇ ಇತ್ತು. ಅದರ ಬದಲು ಬಂದ ಮಹಾರಾಷ್ಟ್ರದ 2017ರ ಕಾಯಿದೆಯು ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಎಂಬ ಮಿತಿಯನ್ನೂ, ಮೀರಿದ ದುಡಿಮೆಗೆ ಇಮ್ಮಡಿ ಕೂಲಿಯನ್ನೂ ವಿಧಿಸಿತು. ಆದರೆ ಇದರ ರಕ್ಷಣೆ ಆಗ ಹತ್ತು ಅಥವಾ ಹೆಚ್ಚು ನೌಕರರಿದ್ದ ಸಂಸ್ಥೆಗಳಿಗೆ ಇತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲವು ಅಂಗಡಿಗಳ ದಿನದ ಮಿತಿಯನ್ನು 9ರಿಂದ 10 ತಾಸಿಗೆ ಏರಿಸಲೂ, ನೌಕರರ ಸಂಖ್ಯೆಯ ಮಿತಿಯನ್ನು 10ರಿಂದ 20ಕ್ಕೆ ಎತ್ತಲೂ ಒಪ್ಪಿಗೆಯಿತ್ತಿತು. ನಮ್ಮ ಮಧ್ಯಮ ಗಾತ್ರದ ಹೋಟೆಲುಗಳಲ್ಲಿ ಇಪ್ಪತ್ತು ಆಳುಗಳಿರುವವು ಎಷ್ಟೆಂದು ಎಣಿಸಿ ನೋಡಿದರೆ ಇದರ ಅರ್ಥ ಹೊಳೆಯುತ್ತದೆ. ಹೀಗೆ ಕೈಯ ದುಡಿಮೆಯ ಲೆಕ್ಕವೇ ಸಡಿಲವಾಗುತ್ತಿರುವಾಗ ಕಿವಿಯ ದುಡಿಮೆಯನ್ನು ಬರೆದುಕೊಳ್ಳುವವರು ಯಾರು?

ಗೆರೆಯನ್ನು ಕಾಯಿದೆಯಿಂದಲೇ ಎಳೆಯಬಹುದೆಂದು ಕೆಲವು ದೇಶಗಳು ತೋರಿಸಿವೆ. ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ಹೊತ್ತಿನಾಚೆಗಿನ ಸಂಪರ್ಕದ ವಿಷಯದಲ್ಲಿ ನೌಕರರೊಡನೆ ಮಾತುಕತೆ ನಡೆಸಬೇಕೆಂದು ವಿಧಿಯಾಯಿತು. ಆಸ್ಟ್ರೇಲಿಯದಲ್ಲಿ 2024ರ ಆಗಸ್ಟ್ 26ರಿಂದ, ಹೊತ್ತು ಮೀರಿ ಬಂದ ಕರೆಗೆ ಕಾರಣವಿಲ್ಲದಿದ್ದರೆ ಉತ್ತರಿಸದಿರುವ ಹಕ್ಕು ನೌಕರನಿಗೆ ದೊರೆಯಿತು. ಚಿಕ್ಕ ವ್ಯಾಪಾರಗಳಿಗೆ ಅದು ಒಂದು ವರ್ಷ ತಡವಾಗಿ ಅನ್ವಯಿಸಿತು, ಆದರೆ ಅವುಗಳನ್ನು ಹೊರಗಿಡಲಿಲ್ಲ. ನಮ್ಮಲ್ಲಿ ಈ ಹಕ್ಕಿನ ಮಸೂದೆಯನ್ನು ಲೋಕಸಭೆಯಲ್ಲಿ 2018ರ ಡಿಸೆಂಬರಿನಲ್ಲಿಯೂ ಮತ್ತೆ 2025ರ ಡಿಸೆಂಬರಿನಲ್ಲಿಯೂ ಮಂಡಿಸಿದವರು ಪುಣೆ ಜಿಲ್ಲೆಯ ಬಾರಾಮತಿಯ ಸದಸ್ಯೆ ಶ್ರೀಮತಿ ಸುಪ್ರಿಯಾ ಸುಳೆಯವರು. ಖಾಸಗಿ ಸದಸ್ಯರ ಮಸೂದೆಯೊಂದು ಕೊನೆಯ ಬಾರಿಗೆ ಕಾಯಿದೆಯಾದದ್ದು 1970ರಲ್ಲಿ. ಆದುದರಿಂದ ಇದರ ಮೇಲೆ ಬಹಳ ಆಸೆಯಿಟ್ಟುಕೊಳ್ಳುವುದು ವ್ಯವಹಾರಜ್ಞಾನವಲ್ಲ. ಆದರೂ ಮಾತು ಎದ್ದಿತಲ್ಲ. ಪುಣೆಯ ಒಂದು ದೊಡ್ಡ ಲೆಕ್ಕಪತ್ರದ ಕಚೇರಿಗೆ ಸೇರಿ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡ ತರುಣಿಯೊಬ್ಬಳ ತಾಯಿ, ಕೆಲಸದ ಹೊರೆಯನ್ನು ಕುರಿತು ಬರೆದ ಕಾಗದವನ್ನು 2024ರ ಸೆಪ್ಟೆಂಬರಿನಲ್ಲಿ ದೇಶವೆಲ್ಲ ಓದಿತು. ಸಾವಿನ ಕಾರಣವನ್ನು ನಿರ್ಣಯಿಸಲು ನಾನು ವೈದ್ಯನಲ್ಲ. ರಾತ್ರಿಗೂ ಭಾನುವಾರಕ್ಕೂ ಬೇಲಿಯಿಲ್ಲದ ದುಡಿಮೆಯೆಂದರೇನೆಂಬುದು ಆ ತಾಯಿಯ ಕಾಗದದಿಂದ ತಿಳಿದಷ್ಟು ಸರಕಾರದ ಯಾವ ವರದಿಯಿಂದಲೂ ನನಗೆ ತಿಳಿದಿರಲಿಲ್ಲ.

ಇದಕ್ಕೆ ವಿರೋಧವಾದ ದನಿಯೂ ಇದೆ, ಮತ್ತು ಅದು ನಮ್ಮವರದೇ. ಇನ್ಫೋಸಿಸ್ ಹುಟ್ಟಿದ್ದು ಇದೇ ಪುಣೆಯಲ್ಲಿ, 1981ರಲ್ಲಿ, ಹತ್ತು ಸಾವಿರ ರೂಪಾಯಿಯ ಬಂಡವಾಳದಿಂದ. ಅದರ ಸಂಸ್ಥಾಪಕರಾದ ಶ್ರೀ ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ತಾಸು ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಹೇಳಿದರು. ಕನ್ನಡಿಗನೊಬ್ಬ ಇಲ್ಲಿ ಕಟ್ಟಿದ ಸಂಸ್ಥೆಯ ವಿಷಯದಲ್ಲಿ ನಮಗೆ ಹೆಮ್ಮೆಯಿದೆ, ಅವರ ಪರಿಶ್ರಮದ ವಿಷಯದಲ್ಲಿ ಗೌರವವಿದೆ. ಆದರೆ ತನ್ನ ಅಂಗಡಿಯಲ್ಲಿ ತಾನು ದುಡಿದ ಎಪ್ಪತ್ತು ತಾಸಿಗೂ ಪರರ ಅಂಗಡಿಯಲ್ಲಿ ಪಗಾರಕ್ಕೆ ದುಡಿಯುವ ಎಪ್ಪತ್ತು ತಾಸಿಗೂ ತೂಕ ಬೇರೆಯೆಂಬುದನ್ನು ಯಾವ ಹೋಟೆಲಿನ ಮಾಣಿಯಾದರೂ ಹೇಳಬಲ್ಲ. ಅದಲ್ಲದೆ ನಮ್ಮ ಭಟ್ಟರು ಎಪ್ಪತ್ತು ತಾಸನ್ನು ಯಾವಾಗಲೋ ದಾಟಿದ್ದಾರೆ. ದೇಶ ಮುಂದೆ ಬಂದದ್ದು ಅವರ ಗಮನಕ್ಕೆ ಇನ್ನೂ ಬಂದಿಲ್ಲ.

ಕಾಯಿದೆ ಬರುವವರೆಗೆ ನಾವೇ ಮಾಡಿಕೊಳ್ಳಬಹುದಾದ ಏರ್ಪಾಡು ಇಲ್ಲವೆ? ಧಣಿಗಳೂ ಕೆಲಸಗಾರರೂ ಒಂದೇ ನುಡಿಯವರಾಗಿರುವುದು ಇಲ್ಲಿ ಉಪಯೋಗಕ್ಕೆ ಬರಬೇಕು. ಹೋಟೆಲಿನ ಬಾಗಿಲು ಮುಚ್ಚಿದ ಮೇಲೆ ಮರುದಿನ ಬೆಳಿಗ್ಗೆ ಒಲೆ ಹೊತ್ತಿಸುವವರೆಗೆ ಸಂದೇಶ ಕಳುಹಿಸಕೂಡದೆಂದು ಧಣಿಗಳು ತಾವಾಗಿ ನಿಶ್ಚಯಿಸಲಿ. ಬೇಳೆಯ ಲೆಕ್ಕ ಬೇಕಾದರೆ ಒಂಬತ್ತು ಗಂಟೆಗೆ, ಅಡುಗೆಯವನು ಅಡುಗೆಮನೆಯಲ್ಲಿರುವಾಗಲೇ ಕೇಳಲಿ. ಒಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದಿಡುತ್ತಿದ್ದ ಹಳೆಯ ಪದ್ಧತಿಯಲ್ಲಿ ಯಾವ ನಷ್ಟವೂ ಆಗುತ್ತಿರಲಿಲ್ಲ. ಅನಿವಾರ್ಯವಾಗಿ ಕರೆಯಬೇಕಾಗಿ ಬಂದರೆ ಆ ಕರೆಯ ಹೊತ್ತನ್ನು ಹಾಜರಿ ಪುಸ್ತಕದಲ್ಲಿ ಬರೆಯಲಿ, ಅರ್ಧ ತಾಸೆಂದು ಎಣಿಸಿ ಕೂಲಿ ಕೊಡಲಿ. ಹಣ ತೆರಬೇಕಾದಾಗ ಎಷ್ಟು ಕರೆಗಳು ಅನಿವಾರ್ಯವಾಗಿ ಉಳಿಯುತ್ತವೆಂಬುದು ಒಂದೇ ತಿಂಗಳಲ್ಲಿ ತಿಳಿದೀತು. ರಾತ್ರಿಶಾಲೆಗೆ ಹೋಗುವ ಹುಡುಗರ ಕಿವಿಯ ಗುಂಡಿಯನ್ನು ಗಲ್ಲೆಯಲ್ಲಿ ಇರಿಸಿಕೊಂಡು ಮರಳಿ ಬಂದಾಗ ಕೊಡುವ ಧಣಿ ಯಾರಾದರೂ ಇದ್ದರೆ ಅವರನ್ನು ನಾನು ಹೋಗಿ ಕಂಡು ಬರುವೆ.

ಕೆಲಸಗಾರ ಬಂಧುಗಳಿಗೂ ಒಂದು ಮಾತು. ಗುಂಡಿಯನ್ನು ಕಿವಿಗೆ ಸಿಕ್ಕಿಸಿದವರು ಯಾವಾಗಲೂ ಧಣಿಗಳೇ ಅಲ್ಲ. ಭಟ್ಟರು ಅದನ್ನು ತಮ್ಮ ಹಣದಿಂದ, ಹಾಡು ಕೇಳಲೆಂದು ಕೊಂಡದ್ದು. ತೆಗೆದಿಡಿ ಎಂದು ನಾನು ಹೇಳಿದಾಗ ಅವರು ಹೇಳಿದ ಉತ್ತರ ಇನ್ನೂ ನನ್ನನ್ನು ಬಿಟ್ಟಿಲ್ಲ: "ತೆಗೆದರೆ ಧಣಿಗಳು ಕರೆದದ್ದು ಕೇಳಿಸಲಿಲ್ಲ ಎನ್ನಬಹುದು ರಾಯರೇ. ಆದರೆ ಪಕ್ಕದ ಖೋಲಿಯ ಹುಡುಗ ತೆಗೆಯುವುದಿಲ್ಲವಲ್ಲ." ಇಪ್ಪತ್ತೆರಡು ವರ್ಷ ದುಡಿದವನಿಗೆ ಈ ಭಯವಿರುವಾಗ ನಿನ್ನೆ ಬಂದ ಹುಡುಗನಿಗೆ ತೆಗೆದಿಡೆಂದು ಉಪದೇಶಿಸುವುದು ಸುಲಭವಲ್ಲ. ಒಬ್ಬನೇ ತೆಗೆದಿಟ್ಟರೆ ಅವನು ಸೋಮಾರಿಯೆನಿಸಿಕೊಳ್ಳುತ್ತಾನೆ. ಖೋಲಿಯ ಆರೂ ಜನ ಒಟ್ಟಿಗೆ ತೆಗೆದಿಟ್ಟರೆ ಅದು ಖೋಲಿಯ ಪದ್ಧತಿಯೆನಿಸಿಕೊಳ್ಳುತ್ತದೆ.

ಈ ವಿಷಯದಲ್ಲಿ ಊಹೆಗಿಂತ ಲೆಕ್ಕ ಮೇಲು. ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ಇರುವ ವಾಚಕರು ಬರುವ ಸೋಮವಾರದಿಂದ ಒಂದು ವಾರ, ಪಾಳಿ ಮುಗಿದ ಮೇಲೆ ಕೆಲಸದ ಕರೆ ಅಥವಾ ಸಂದೇಶ ಎಷ್ಟು ಬಾರಿ ಬಂತು, ಎಷ್ಟು ಗಂಟೆಗೆ ಬಂತು, ಆಗ ತಾವು ಏನು ಮಾಡುತ್ತಿದ್ದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಪತ್ರಿಕೆಯ ವಿಳಾಸಕ್ಕೆ ಕಳುಹಿಸಬೇಕಾಗಿ ವಿನಂತಿ. ಹೋಟೆಲಿನ ಹೆಸರು ಬೇಡ, ಧಣಿಗಳ ಹೆಸರು ಬೇಡ. ಬರೆದವರು ಬೇಡವೆಂದರೆ ಅವರ ಹೆಸರನ್ನೂ ಅಚ್ಚು ಹಾಕುವುದಿಲ್ಲ. ಭಟ್ಟರ ಚೀಟಿ ನನ್ನ ಕೈ ಸೇರಿದೆ. ಅದರಲ್ಲಿ ಏಳು ದಿನಕ್ಕೆ ನಲವತ್ತೊಂದು ಗೆರೆಗಳಿವೆ.